ಕೊನೆ ಗೊತ್ತಿಲ್ಲದ ಪಾತ್ರ

ಮಂಡ್ಯ ಸೀಮೆಯಲ್ಲಿ ಕೂತು ಸಿನಿಮಾ, ನಾಟಕ ಅಂತ ಬರೆಯುವವನಿಗೆ ಒಂದು ಪ್ರಶ್ನೆಯಿಂದ ಬಿಡುಗಡೆಯೇ ಇಲ್ಲ. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೂ ಕೇಳುತ್ತಾರೆ, ಮಳವಳ್ಳಿಯ ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಕೇಳುತ್ತಾರೆ. “ಆ ಹುಡ್ಗಿ ಸೀರಿಯಲ್ನಲ್ಲಿ ಅಷ್ಟ್ ಚೆನ್ನಾಗ್ ಅಳ್ತಾಳೆ ಕಣ್ ಸಾ, ಸಿನಿಮಾದೋರು ಯಾಕ್ ಒಂದ್ ಗಟ್ಟಿ ಪಾರ್ಟ್ ಕೊಡಲ್ಲ?” ಕೇಳುವವರು ಸಾಮಾನ್ಯವಾಗಿ ಗಂಡಸರು. ಸೀರಿಯಲ್ ನಿಜವಾಗಿ ನೋಡುವ ಅವರ ಮನೆಯ ಹೆಂಗಸರು ಅಲ್ಲೇ ಕೂತಿದ್ದರೆ ಉತ್ತರವನ್ನೂ ಹೇಳಿಬಿಡುತ್ತಾರೆ: “ಕೊಟ್ರೂ ಅದೇ ಮುಖ ಮಾಡ್ತಾಳೆ ಬುಡಿ.” ಇಬ್ಬರಲ್ಲಿ ಹೆಚ್ಚು ಗಮನವಿಟ್ಟು ನೋಡಿದವರು ಯಾರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ‘ಅದೇ ಮುಖ’ ಎಲ್ಲಿಂದ ಬಂತು, ಅದನ್ನು ಕಳಚಿಟ್ಟು ಹೋದವರು ಹೇಗೆ ಹೋದರು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲಿಗೆ, ಹೋದವರು ಇಲ್ಲ ಅನ್ನುವುದು ಸುಳ್ಳು. 2007ನೇ ಸಾಲಿನ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ನಟ, ಅತ್ಯುತ್ತಮ ನಟಿ ಎರಡೂ ಕನ್ನಡಿಗರ ಪಾಲಾದವು. ನಟಿ ‘ಗುಲಾಬಿ ಟಾಕೀಸ್’ನ ಉಮಾಶ್ರೀ. ನಟ ‘ಕಾಂಚೀವರಂ’ನ ಪ್ರಕಾಶ್ ರೈ. ಮಗಳ ಮದುವೆಗೆ ರೇಷ್ಮೆ ಸೀರೆ ಉಡಿಸುತ್ತೇನೆಂದು ಮಾತು ಕೊಟ್ಟು, ಆ ಮಾತಿಗಾಗಿ ಕದಿಯುವ ಮಟ್ಟಕ್ಕಿಳಿಯುವ ನೇಕಾರನ ಪಾತ್ರ ಅದು. ಪ್ರಕಾಶ್ ರೈ ಅವರನ್ನು ಕರ್ನಾಟಕದ ಮನೆಗಳು ಮೊದಲು ಕಂಡದ್ದು ದೂರದರ್ಶನದ ‘ಬಿಸಿಲು ಕುದುರೆ’, ‘ಗುಡ್ಡದ ಭೂತ’ ಧಾರಾವಾಹಿಗಳಲ್ಲಿ. ಸದಾನಂದ ಸುವರ್ಣ ನಿರ್ದೇಶಿಸಿದ ‘ಗುಡ್ಡದ ಭೂತ’ದ ಹೆಸರೆತ್ತಿದರೆ ಐವತ್ತು ದಾಟಿದವರು ಇವತ್ತಿಗೂ ಅದರ ಶೀರ್ಷಿಕೆ ಗೀತೆ ಗುನುಗುತ್ತಾರೆ.

ಹಾಗಾದರೆ ಧಾರಾವಾಹಿಯಿಂದ ಗಟ್ಟಿ ಪಾತ್ರಕ್ಕೆ ದಾರಿ ಸಲೀಸು ಅಂತಲೇ? ನಿಲ್ಲಿ. ಆ ಕಾಲದ ಧಾರಾವಾಹಿಯೇ ಬೇರೆ ಜಾತಿಯದು. ವಾರಕ್ಕೊಂದು ಕಂತು, ಕೆಲವೇ ತಿಂಗಳಲ್ಲಿ ಮುಕ್ತಾಯ. ಶಂಕರ್‌ನಾಗ್ ಆಗುಂಬೆಯಲ್ಲಿ ಕೂತು ತೆಗೆದ ‘ಮಾಲ್ಗುಡಿ ಡೇಸ್’ ಕೂಡ ಹಾಗೇ, ಒಂದೊಂದು ಕಥೆಗೂ ಅದರದೇ ಮುಕ್ತಾಯವಿತ್ತು. ನಟನ ಕೈಗೆ ಸಿಗುತ್ತಿದ್ದದ್ದು ಮೊದಲು, ನಡು, ಕೊನೆ ಇರುವ ಒಂದು ಪಾತ್ರ. 1998ರ ಹೊತ್ತಿಗೆ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ‘ಮಾಯಾಮೃಗ’ವನ್ನು ದಿನವೂ ಬರುವ ಕಥೆಯಾಗಿ ಕೊಟ್ಟರು. ಅಲ್ಲಿಂದ ಕನ್ನಡದ ಸಂಜೆಗಳ ಲಯವೇ ಬದಲಾಯಿತು. ‘ಮಾಯಾಮೃಗ’ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹಿಂದೆ ಬಂದ ಸಾಲಿನಲ್ಲಿ ದಿನದ ಕಂತು ಅನ್ನುವುದು ಉಳಿಯಿತು, ಕಥೆಯ ಕೊನೆ ಅನ್ನುವುದು ಜಾರಿಹೋಯಿತು.

ಇದು ನಟನೆಗೆ ಏನು ಮಾಡುತ್ತದೆ ಅನ್ನುವುದು ನನಗೆ ಸರಿಯಾಗಿ ತಿಳಿದದ್ದು ಒಂದು ಶೂಟಿಂಗ್ ಮನೆಯಲ್ಲಿ. ಧಾರಾವಾಹಿಯ ಹೆಸರು ಬೇಡ. ದೊಡ್ಡ ಮನೆ, ಹಾಲ್‌ನಲ್ಲಿ ಲೈಟು, ಅಡುಗೆಮನೆಯಲ್ಲಿ ಮೇಕಪ್ಪು. ಆ ದಿನದ ಸಂಭಾಷಣೆ ಆ ದಿನವೇ ಮೊಬೈಲಿಗೆ ಬಂದಿತ್ತು. ಸಹಾಯಕ ನಿರ್ದೇಶಕ ಕ್ಯಾಮೆರಾ ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಪ್ರಾಂಪ್ಟ್ ಮಾಡುತ್ತಿದ್ದ, ನಾಯಕಿ ಅದನ್ನು ಕಿವಿಯಲ್ಲಿ ಹಿಡಿದು ಬಾಯಲ್ಲಿ ಬಿಡುತ್ತಿದ್ದಳು. ಇದನ್ನು ಹಗುರಾಗಿ ನೋಡಬೇಡಿ. ಒಂದು ಕಿವಿ ಪ್ರಾಂಪ್ಟರ್ ಕಡೆ, ಕಣ್ಣು ಎದುರಿನ ನಟನ ಕಡೆ, ಮುಖ ಲೈಟಿನ ಕಡೆ ಇಟ್ಟುಕೊಂಡು ಬಿಕ್ಕಿ ಅಳುವುದು ತಮಾಷೆಯಲ್ಲ. ರಂಗಭೂಮಿಯ ಎಷ್ಟೋ ಘಟಾನುಘಟಿಗಳು ಅಲ್ಲಿ ಮೊದಲ ದಿನ ತಡವರಿಸಿದ್ದಾರೆ. ಮಾತು ಮುಗಿಯಿತು. ಈಗ ರಿಯಾಕ್ಷನ್ ಶಾಟ್. ಅತ್ತೆಯ ಮಾತು ಕೇಳಿ ಸೊಸೆ ಬೆಚ್ಚಬೇಕು. ನಾಯಕಿ ಕೇಳಿದಳು: “ಸರ್, ಈ ವಿಷಯ ಇವಳಿಗೆ ಮೊದಲೇ ಗೊತ್ತಾ, ಈಗ್ ಗೊತ್ತಾಗ್ತಿರೋದಾ?” ನಿರ್ದೇಶಕರು ತಲೆ ಕೆರೆದುಕೊಂಡು ಹೇಳಿದರು: “ಅದಿನ್ನೂ ಫಿಕ್ಸ್ ಆಗಿಲ್ಲಮ್ಮ. ಎರಡೂ ಥರ ಕೊಟ್ಬಿಡು, ಎಡಿಟಿಂಗಲ್ಲಿ ನೋಡ್ಕೊಳ್ಳೋಣ.”

ನಿರ್ದೇಶಕರನ್ನು ಬೈಯುವಂತಿಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ. ಅದನ್ನು ನೋಡಿ ಕಥೆ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಸತ್ತವನು ಬದುಕಿ ಬರಬಹುದು, ಬದುಕಿದ್ದವಳಿಗೆ ಅವಳಿ ತಂಗಿ ಹುಟ್ಟಬಹುದು. ಇಂಥ ಕಡೆ ಬುದ್ಧಿವಂತ ನಟಿ ಏನು ಮಾಡುತ್ತಾಳೆ? ಯಾವ ತಿರುವಿಗೂ ಹೊಂದುವ ಒಂದು ಮುಖ ಕಂಡುಕೊಳ್ಳುತ್ತಾಳೆ. ಅರ್ಧ ದುಃಖ, ಅರ್ಧ ಗಾಬರಿ, ಸ್ವಲ್ಪ ತೆರೆದ ಬಾಯಿ. ಮೂರು ಬಾರಿ ಜೂಮ್ ಮಾಡಿ ಮೂರು ಬಾರಿ ಗುಡುಗು ಹಾಕಿದರೂ ತಡೆದುಕೊಳ್ಳುವ ಮುಖ. ಆ ಮನೆಗಳ ಹೆಂಗಸರು ‘ಅದೇ ಮುಖ’ ಅಂದದ್ದು ಇದನ್ನೇ. ಅದು ಪ್ರತಿಭೆಯ ಕೊರತೆ ಅಲ್ಲ. ಪಾತ್ರದ ಕೊನೆ ಗೊತ್ತಿಲ್ಲದವರು ತಮ್ಮ ರಕ್ಷಣೆಗೆ ಮಾಡಿಕೊಂಡ ಉಪಾಯ. ಬೆಲ್ಲದ ಪಾಕ ಹದಕ್ಕೆ ಬಂದ ಗಳಿಗೆಯಲ್ಲಿ ಕೊಪ್ಪರಿಗೆ ಇಳಿಸಬೇಕೆಂಬುದು ನಮ್ಮ ಆಲೆಮನೆಯ ಮಕ್ಕಳಿಗೂ ಗೊತ್ತು. ಧಾರಾವಾಹಿಯ ದುಃಖವನ್ನು ಇಳಿಸುವಂತೆಯೇ ಇಲ್ಲ, ವರ್ಷಗಟ್ಟಲೆ ಒಲೆಯ ಮೇಲಿಟ್ಟು ತಿರುವುತ್ತಲೇ ಇರಬೇಕು.

ಇದಕ್ಕೆ ಪೂರ್ತಿ ತಿರುಗುಮುರುಗಾದದ್ದನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮಂಡ್ಯದ ಕಲಾಮಂದಿರದಲ್ಲೋ ಯಾವುದಾದರೂ ಹಳ್ಳಿಯ ಬಯಲಿನಲ್ಲೋ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ಕ್ಕೆ ಹೋಗಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಹೊತ್ತು ಕಲಿಸಿರುತ್ತಾರೆ. ಪಾತ್ರ ಮಾಡುವವರು ಕಬ್ಬು ಬೆಳೆಯುವವರು, ಡೈರಿಗೆ ಹಾಲು ಹಾಕುವವರು, ಕೆಎಸ್ಆರ್‌ಟಿಸಿ ಕಂಡಕ್ಟರುಗಳು. ಇವರು ಸಂಬಳ ತೆಗೆದುಕೊಳ್ಳುವುದಿಲ್ಲ, ತಾವೇ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾರೆ. ದುರ್ಯೋಧನನ ಪಾತ್ರಕ್ಕೆ ಬೆಲೆ ಜಾಸ್ತಿ. ಆಸೆಪಡುವವರು ಹೆಚ್ಚಾದರೆ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಅಂತ ಹಂಚುತ್ತಾರೆ. ತೊಡೆ ಮುರಿಯುವುದು ಎರಡನೆಯವನ ಪಾಲಿಗೆ. ಆದರೆ ತೊಡೆ ಮುರಿಯುತ್ತದೆ ಅನ್ನುವುದು ಮೊದಲನೆಯವನಿಗೂ ಗೊತ್ತು, ಹಾರ್ಮೋನಿಯಂ ಮೇಷ್ಟ್ರಿಗೂ ಗೊತ್ತು, ಚಾಪೆ ಮೇಲೆ ಮಲಗಿದ ಮಗುವಿಗೂ ಗೊತ್ತು. ಆದ್ದರಿಂದಲೇ ಮೊದಲ ದೃಶ್ಯದಲ್ಲಿ ಅವನು ಮೀಸೆ ತಿರುವಿದರೆ ಆ ಮೀಸೆಗೆ ಒಂದು ತೂಕ ಬರುತ್ತದೆ. ಕ್ಯಾಮೆರಾ ಮುಂದೆ ಒಂದು ದಿನವೂ ನಿಲ್ಲದ ರೈತನೊಬ್ಬ ರಾತ್ರಿ ಮೂರು ಗಂಟೆಗೆ ನಮ್ಮ ಗಂಟಲು ಕಟ್ಟಿಸುವುದು ಹೀಗೆ. ಅವನ ಶ್ರುತಿ ಎಷ್ಟೋ ಸಲ ತಪ್ಪಿರುತ್ತದೆ, ಅದು ಬೇರೆ ಮಾತು.

ಧಾರಾವಾಹಿಯ ನಟರಿಗೆ ಇಂಥ ಕೊನೆಯುಳ್ಳ ಪಾತ್ರ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ: ದಯಾಳ್ ಪದ್ಮನಾಭನ್ ನಿರ್ದೇಶನದ ‘ಆ ಕರಾಳ ರಾತ್ರಿ’, 2018. ಮೋಹನ್ ಹಬ್ಬು ಅವರ ನಾಟಕದ ಆಧಾರ. ಒಂದು ಮನೆ, ಒಂದು ರಾತ್ರಿ. ಬಡತನ ಹಿಂಡಿದ ತಂದೆ ತಾಯಿಯಾಗಿ ರಂಗಾಯಣ ರಘು ಮತ್ತು ವೀಣಾ ಸುಂದರ್, ಮದುವೆಯಾಗದೆ ಉಳಿದು ಒಳಗೇ ಕಹಿಯಾಗುತ್ತಿರುವ ಮಗಳಾಗಿ ಅನುಪಮಾ ಗೌಡ, ಹಣ ತುಂಬಿದ ಪೆಟ್ಟಿಗೆ ಹಿಡಿದು ರಾತ್ರಿ ತಂಗಲು ಬರುವ ಅಪರಿಚಿತನಾಗಿ ಜೆಕೆ, ಅಂದರೆ ಕಾರ್ತಿಕ್ ಜಯರಾಂ. ಅನುಪಮಾ ಮನೆಮಾತಾದದ್ದು ‘ಅಕ್ಕ’ ಧಾರಾವಾಹಿಯ ದ್ವಿಪಾತ್ರದಿಂದ. ಜೆಕೆ ‘ಅಶ್ವಿನಿ ನಕ್ಷತ್ರ’ದ ನಾಯಕ, ಆಮೇಲೆ ಹಿಂದಿಯ ‘ಸಿಯಾ ಕೆ ರಾಮ್’ನ ರಾವಣ. ಚಿತ್ರದ ಹಣೆಬರಹವನ್ನೇ ಹೊತ್ತ ಆ ಎರಡು ಪಾತ್ರಗಳೂ ಕಿರುತೆರೆಯ ಮುಖಗಳ ಕೈಯಲ್ಲಿದ್ದವು. 2018ನೇ ಸಾಲಿನ ರಾಜ್ಯ ಪ್ರಶಸ್ತಿಯಲ್ಲಿ ಮೊದಲ ಅತ್ಯುತ್ತಮ ಚಿತ್ರ ಅದೇ ಆಯಿತು.

ಕೊನೆ ಹೇಳುವುದಿಲ್ಲ, ನೋಡದವರಿಗೆ ಮೋಸವಾಗುತ್ತದೆ. ಆದರೆ ಅನುಪಮಾ ಮಾಡಿದ್ದನ್ನು ಗಮನಿಸಿ. ಅತಿಥಿಯ ಪೆಟ್ಟಿಗೆ ಕಂಡ ಮೇಲೆ ಆ ಮಗಳ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಹೊಗುತ್ತದೆ. ಧಾರಾವಾಹಿಯಾಗಿದ್ದರೆ ಆ ಯೋಚನೆ ಹೊಕ್ಕಿತು ಅಂತ ನಮಗೆ ಮುಖ ತೋರಿಸಿ, ಸದ್ದು ಮಾಡಿ, ಜಾಹೀರಾತಿನ ನಂತರ ಇನ್ನೊಮ್ಮೆ ತೋರಿಸುತ್ತಿದ್ದರು. ಇಲ್ಲಿ ಅವಳು ಅದನ್ನು ಮುಚ್ಚಿಡಬೇಕು. ಅತಿಥಿಯಿಂದ ಮುಚ್ಚಿಡಬೇಕು, ಅಪ್ಪ ಅಮ್ಮನನ್ನು ಮೆಲ್ಲಗೆ ಅದರೊಳಕ್ಕೆ ಎಳೆಯಬೇಕು, ನಮಗೆ ಮಾತ್ರ ಅದರ ಶಾಖ ತಟ್ಟಬೇಕು. ದಿನವೂ ಭಾವನೆಯನ್ನು ಹೊರಗೆ ಹಾಕಿ ಅಭ್ಯಾಸವಾದವರಿಗೆ ಅದನ್ನು ಒಳಗಿಟ್ಟುಕೊಳ್ಳುವುದು ಎಷ್ಟು ಕಷ್ಟ ಅನ್ನುವುದನ್ನು ಯೋಚಿಸಿ. ಕೆಲವು ಕಡೆ ಹಳೆಯ ಅಭ್ಯಾಸ ಇಣುಕುತ್ತದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ರಾತ್ರಿ ಎಲ್ಲಿಗೆ ಮುಟ್ಟುತ್ತದೆ ಅಂತ ಬಲ್ಲ ನಟಿಯೊಬ್ಬಳು ಮೊದಲ ಅರ್ಧ ಗಂಟೆಯಲ್ಲೇ ನೋಟವನ್ನು ಅಳೆದು ಖರ್ಚು ಮಾಡುವುದು ಕಾಣುತ್ತದೆ. ‘ಎರಡೂ ಥರ ಕೊಟ್ಬಿಡು’ ಅನ್ನುವವರು ಅಲ್ಲಿ ಯಾರೂ ಇಲ್ಲ. ಮರುವರ್ಷ ಅದೇ ನಿರ್ದೇಶಕರ ‘ತ್ರಯಂಬಕಂ’ನಲ್ಲಿ ನಟಿಸಿ 2019ನೇ ಸಾಲಿನ ಅತ್ಯುತ್ತಮ ನಟಿ ರಾಜ್ಯ ಪ್ರಶಸ್ತಿಯನ್ನೂ ಪಡೆದರು. ಅದು ಪ್ರಕಟವಾದದ್ದು 2025ರ ಜನವರಿಯಲ್ಲಿ. ಸರ್ಕಾರಕ್ಕೂ ತನ್ನದೇ ಧಾರಾವಾಹಿಯ ಲಯ ಇದೆ ಅನ್ನೋಣ. 2021ನೇ ಸಾಲಿಗೆ ‘ಮ್ಯೂಟ್’ ಚಿತ್ರಕ್ಕಾಗಿ ಅದೇ ಪ್ರಶಸ್ತಿ ಪಡೆದ ಅರ್ಚನಾ ಜೋಯಿಸ್ ಕೂಡ ಕಿರುತೆರೆಯಿಂದ ಬಂದವರೇ. ನಮ್ಮ ಜನ ಅವರನ್ನು ‘ಕೆಜಿಎಫ್’ನ ತಾಯಿ ಅಂತಲೇ ಗುರುತಿಸುತ್ತಾರೆ.

ಈ ಎರಡರ ನಡುವಿನ 2020ನೇ ಸಾಲು ನಮ್ಮ ಜಿಲ್ಲೆಯದು. ಅಕ್ಷತಾ ಪಾಂಡವಪುರ, ‘ಪಿಂಕಿ ಎಲ್ಲಿ?’ ಚಿತ್ರಕ್ಕೆ. ಅವರು ಧಾರಾವಾಹಿಯ ದಾರಿಯಲ್ಲಿ ಬಂದವರಲ್ಲ. ಪಾಂಡವಪುರದಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದವರು. ಆದರೆ ಮಂಡ್ಯದ ಬೀದಿಯಲ್ಲಿ ಅವರನ್ನು ಜನ ಗುರುತು ಹಿಡಿದದ್ದು ನಾಟಕದಿಂದಲ್ಲ, ಬಿಗ್ ಬಾಸ್‌ನಿಂದ. ಟಿವಿ ಕೊಡುವ ಹೆಸರು ಹೇಗಿರುತ್ತದೆ ನೋಡಿ. ಪೃಥ್ವಿ ಕೊಣನೂರು ನಿರ್ದೇಶಿಸಿದ ಆ ಚಿತ್ರದಲ್ಲಿ ಹಸುಗೂಸೊಂದು ಕಾಣೆಯಾಗುತ್ತದೆ. ನೋಡಿಕೊಳ್ಳಬೇಕಾದ ಕೆಲಸದಾಕೆ ಮಗುವನ್ನು ಭಿಕ್ಷೆ ಬೇಡಲು ಬಾಡಿಗೆಗೆ ಕೊಟ್ಟಿರುತ್ತಾಳೆ. ಕಾಣೆಯಾದ ಮಗು ಧಾರಾವಾಹಿಗಳ ಹಳೆಯ ಸರಕು, ಅದರ ಮೇಲೆ ಒಂದು ವರ್ಷ ಎಳೆದವರಿದ್ದಾರೆ. ಆದರೆ ಇಲ್ಲಿನ ತಾಯಿ ಬಿಂದುಶ್ರೀ ನಾವು ಕನಿಕರಪಡಲಿ ಅಂತ ಮಾಡಿದವಳಲ್ಲ. ಅವಳಿಗೆ ನೌಕರಿ ಇದೆ, ಹಳಸಿದ ದಾಂಪತ್ಯವಿದೆ, ಬೇರೊಬ್ಬ ಸಂಗಾತಿ ಇದ್ದಾನೆ. ಮಗು ಕಳೆದುಹೋದ ದಿನ ಪೊಲೀಸರಿಂದ ಹಿಡಿದು ಎಲ್ಲರೂ ಕೇಳುವ ಪ್ರಶ್ನೆಗಳಲ್ಲಿ ಅವಳ ಬದುಕಿನ ವಿಚಾರಣೆಯೂ ಸೇರಿರುತ್ತದೆ. ಅಕ್ಷತಾ ಅವಳನ್ನು ಒಳ್ಳೆಯವಳನ್ನಾಗಿ ಮಾಡಲು ಹೋಗುವುದಿಲ್ಲ, ಅದೇ ಆ ಪಾತ್ರದ ಬಲ. ಬೂಸಾನ್ ಚಿತ್ರೋತ್ಸವ ಸುತ್ತಿ ಬಂದ ಚಿತ್ರ 2023ರಲ್ಲಿ ಇಲ್ಲಿ ತೆರೆಗೆ ಬಂತು. ನಮ್ಮ ಜಿಲ್ಲೆಯ ಹೆಣ್ಣುಮಗಳ ಸಿನಿಮಾ ಅಂತ ನಾನು ಹೇಳಿದವರಲ್ಲಿ ಬಹಳ ಮಂದಿ “ಓ, ಬಿಗ್ ಬಾಸ್ ಅಕ್ಷತಾನಾ?” ಅಂದರು. ಸಿನಿಮಾ ನೋಡಿದ್ದೇವೆ ಅಂದವರು ಕಮ್ಮಿ.

ಇಲ್ಲಿ ನನಗೆ ನಮ್ಮವರ ಮೇಲೆ ಸ್ವಲ್ಪ ಸಿಟ್ಟಿದೆ. ಸಿನಿಮಾದೋರು ಗಟ್ಟಿ ಪಾರ್ಟ್ ಕೊಡಲ್ಲ ಅನ್ನುವ ನಾವು, ಕೊಟ್ಟಾಗ ಹೋಗಿ ನೋಡುವುದಿಲ್ಲ. ಜಾತ್ರೆಗೆ ಬಂದ ನಟಿಯನ್ನು ಅವಳ ಹೆಸರಿನಿಂದ ಕರೆಯುವುದಿಲ್ಲ, ಪಾತ್ರದ ಹೆಸರಿನಿಂದ ಕರೆಯುತ್ತೇವೆ. ವಿಲನ್ ಮಾಡಿದವಳಾದರೆ ಕೈ ಹಿಡಿದು ನಿಲ್ಲಿಸಿ “ಆ ಮಗೀನ್ ಯಾಕವ್ವಾ ಗೋಳುಯ್ಕತೀಯ?” ಅಂತ ಕೇಳುತ್ತೇವೆ. ಪ್ರೀತಿಯೇ ಅದು. ಆದರೆ ಆ ಪ್ರೀತಿಯನ್ನು ಲೆಕ್ಕ ಹಾಕಿಯೇ ಚಾನೆಲ್ಲುಗಳು ಅವಳನ್ನು ಬೇರೆ ಪಾತ್ರಕ್ಕೆ ಬಿಡುವುದಿಲ್ಲ. ಮಳವಳ್ಳಿ ಸೀಮೆಯಲ್ಲಿ ನೀಲಗಾರರು ಮಂಟೇಸ್ವಾಮಿ ಕಥೆ ಹಾಡುವಾಗ ಒಬ್ಬನೇ ಮನುಷ್ಯ ಗುರುವಾಗುತ್ತಾನೆ, ಶಿಷ್ಯನಾಗುತ್ತಾನೆ, ಮಗನನ್ನು ಬಿಟ್ಟುಕೊಡಲಾರದ ತಂದೆ ತಾಯಿಯಾಗುತ್ತಾನೆ. ಮಳವಳ್ಳಿ ಮಹದೇವಸ್ವಾಮಿಯವರು ಹಾಡುವಾಗ ಯಾವ ಕೇಳುಗನೂ “ನೀವು ಆಗಲೇ ಗುರು ಆಗಿದ್ರಲ್ಲಾ” ಅಂತ ತಕರಾರು ತೆಗೆಯುವುದಿಲ್ಲ. ಆ ಬುದ್ಧಿ ನಮ್ಮಲ್ಲಿದೆ, ಟಿವಿ ಮುಂದೆ ಕೂತಾಗ ಎಲ್ಲೋ ಮರೆತುಬಿಡುತ್ತೇವೆ.

ಭಾಷೆಯದೂ ಒಂದು ತಕರಾರು ಸೇರಿಸಿಬಿಡುತ್ತೇನೆ. ಬಹಳ ಕಾಲ ಧಾರಾವಾಹಿಗಳಲ್ಲಿ ಮಂಡ್ಯದ ಮಾತು ಅಡುಗೆಯವಳಿಗೆ, ಡ್ರೈವರಿಗೆ, ನಗಿಸುವ ಮಾವನಿಗೆ ಮೀಸಲು. ದುಃಖಪಡುವವರು ಮಾತ್ರ ಪುಸ್ತಕದ ಕನ್ನಡದಲ್ಲಿ ಪಡಬೇಕು. ಈ ಕಡೆಯಿಂದ ಹೋದ ಹುಡುಗರು ಆಡಿಷನ್‌ನಲ್ಲಿ ಬಾಯಿ ಬಿಟ್ಟ ಕೂಡಲೇ ಕಾಮಿಡಿಯ ಪಟ್ಟಿಗೆ ಸೇರಿಬಿಡುತ್ತಿದ್ದರು. ಈ ಲೆಕ್ಕಾಚಾರ ಕೆಡಿಸಿದ್ದು ‘ತಿಥಿ’. ರಾಮ್ ರೆಡ್ಡಿ ಮತ್ತು ಈರೇಗೌಡ ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಊರಿನವರನ್ನೇ ಹಾಕಿಕೊಂಡು ತೆಗೆದ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ, ಆಮೇಲೆ ರಾಷ್ಟ್ರ ಪ್ರಶಸ್ತಿ. ಅದರಲ್ಲಿ ನಟಿಸಿದ ಗಡ್ಡಪ್ಪ ಯಾರ ಹತ್ತಿರವೂ ಅಭಿನಯ ಕಲಿತವರಲ್ಲ. ಟೈಗರ್ ಬ್ರಾಂದಿ ಹೀರುತ್ತ ಊರಾಚೆ ನಡೆಯುವ ಆ ಮುದುಕ ತನ್ನ ಕಥೆ ಹೇಳಿಕೊಳ್ಳುವ ದೃಶ್ಯದಲ್ಲಿ ಮುಖದ ಒಂದು ಗೆರೆಯನ್ನೂ ಅಲುಗಿಸುವುದಿಲ್ಲ. ಅದನ್ನು ನೋಡಿ ಎಷ್ಟೋ ವೃತ್ತಿನಟರು ಹೊಟ್ಟೆಕಿಚ್ಚುಪಟ್ಟಿರಬೇಕು.

ಹಾಗಂತ ಧಾರಾವಾಹಿ ಬಿಟ್ಟು ಓಡಿಬನ್ನಿ ಅಂತ ಯಾರಿಗೂ ಹೇಳಲಾರೆ. ಧಾರಾವಾಹಿಯಲ್ಲಿ ದಿನದ ಲೆಕ್ಕಕ್ಕೆ ದುಡ್ಡು, ತಿಂಗಳಿಗೆ ಇಷ್ಟು ದಿನ ಕೆಲಸ ಅಂತ ಖಾತ್ರಿ. ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುವುದು ಅದು. ಪ್ರಶಸ್ತಿಯ ಸಿನಿಮಾ ಕೊಡುವ ಕೆಲಸ ಕೆಲವೇ ವಾರಗಳದು, ಹಣ ಎಷ್ಟೋ ಸಲ ಆಮೇಲೆ ನೋಡೋಣ ಅನ್ನುವ ಜಾತಿಯದು. ಗಟ್ಟಿ ಪಾತ್ರ ಮಾಡಿದವರು ಮತ್ತೆ ಸೀರಿಯಲ್‌ಗೆ ಬಂದರೆ ಅದನ್ನು ಸೋಲು ಅಂತ ಬರೆಯುವ ನನ್ನ ವೃತ್ತಿಬಾಂಧವರಿಗೆ ಈ ಲೆಕ್ಕ ಗೊತ್ತಿರುವ ಹಾಗೆ ಕಾಣುವುದಿಲ್ಲ. ಉಮಾಶ್ರೀ ಅವರನ್ನೇ ನೋಡಿ. ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ ವೈದೇಹಿಯವರ ಕಥೆಯಿಂದ ಹುಟ್ಟಿದ ಸಿನಿಮಾ. ಅದರಲ್ಲಿ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಬಂದು ಅವಳ ಬದುಕನ್ನೇ ತಲೆಕೆಳಗು ಮಾಡುವುದು ಒಂದು ಟಿವಿ! ಆ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರು, ನಡುವೆ ರಾಜ್ಯದ ಸಚಿವೆಯಾಗಿ ಬಂದವರು, 2021ರ ಡಿಸೆಂಬರಿನಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾಗಿ ದಿನದ ಕಂತಿಗೆ ಇಳಿದರು. ಅದೂ ಮಂಡ್ಯ ಕಡೆಯ ಮಾತಿನಲ್ಲಿ. ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮೆಸ್ ನಡೆಸುವ ಹೆಂಗಸು ಅದೇ ಮಾತಿನಲ್ಲಿ ಅತ್ತಾಗ ಯಾರಿಗೂ ನಗು ಬರಲಿಲ್ಲ. ಕಥೆಯ ಕೊನೆ ಅವರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಆ ದೃಶ್ಯಕ್ಕೊಂದು ಕೊನೆ ಅವರೇ ಮಾಡಿಕೊಳ್ಳುತ್ತಾರೆ: ಮಾತಿನ ನಡುವೆ ಒಂದು ಕಡೆ ನಿಲ್ಲಿಸುತ್ತಾರೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ, ಮುಂದಿನ ಸಾಲಿಗೆ ಬೇರೆ ದನಿ. ರಂಗದ ಮೇಲೆ ದಶಕಗಟ್ಟಲೆ ನಿಂತ ಮೈಗೆ ಅದು ತಾನಾಗಿಯೇ ಬರುತ್ತದೆ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಯಕ್ಷಗಾನಕ್ಕೆ ಗೆಜ್ಜೆ ಕಟ್ಟಿ ಮಂಥರೆಯಾಗಿ ಕುಣಿದರು. ಪುಟ್ಟಕ್ಕನಾಗಿ ಸಿಕ್ಕಿದ್ದ ಹೆಸರು ಸಾಕು ಅನ್ನಿಸಿದವರು ಆ ವಯಸ್ಸಿನಲ್ಲಿ ಆ ಸಾಹಸಕ್ಕೆ ಹೋಗುವುದಿಲ್ಲ.

ಈಚೆಗೆ ಮದ್ದೂರಿನ ಕಡೆಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಧಾರಾವಾಹಿಯೊಂದರಲ್ಲಿ ನಾಯಕಿಯ ಗೆಳತಿಯ ಪಾತ್ರ ಸಿಕ್ಕಿದೆ, ಒಪ್ಪಿಕೊಂಡರೆ ಮುಂದೆ ಒಳ್ಳೆಯ ಪಾತ್ರಗಳು ತಪ್ಪಿಹೋಗುತ್ತವಾ ಅಂತ ಅವಳಿಗೆ ಭಯ. ಒಪ್ಕೊಳ್ಳವ್ವ ಅಂದೆ. ಆದರೆ ಶೂಟಿಂಗ್ ಇಲ್ಲದ ದಿನಗಳನ್ನು ರೀಲ್ಸ್‌ಗೆ ಕೊಡಬೇಡ, ಬೆಂಗಳೂರಿನಲ್ಲಿ ಯಾವುದಾದರೂ ಹವ್ಯಾಸಿ ತಂಡ ಸೇರಿ ವರ್ಷಕ್ಕೊಂದು ಪೂರ್ತಿ ನಾಟಕ ಮಾಡು, ಕಸ ಗುಡಿಸುವ ಪಾತ್ರವಾದರೂ ಸರಿ ಅಂದೆ. ಒಂದು ವರ್ಷ ಬಿಡುವು ಮಾಡಿಕೊಳ್ಳುವಂತಿದ್ದರೆ ಹೆಗ್ಗೋಡಿನ ನೀನಾಸಂ ಇದೆ, 1980ರಿಂದ ಅಲ್ಲಿ ರಂಗಶಿಕ್ಷಣ ನಡೆಯುತ್ತಿದೆ. ದೂರವಾಯಿತು ಅನ್ನಿಸಿದರೆ ಮೈಸೂರಿನಲ್ಲಿ ರಂಗಾಯಣ, ಮಂಡ್ಯ ರಮೇಶ್ ಅವರ ನಟನ. ಹುಡುಗಿ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡಳು. ತಾಯಿ ಮಾತ್ರ ಬಾಗಿಲ ತನಕ ಹೋಗಿ ತಿರುಗಿ ಕೇಳಿದರು: “ಅಲ್ಲಾ ಸಾ, ಆ ನಾಟ್ಕದೋರು ದುಡ್ ಕೊಡ್ತಾರಾ, ನಾವೇ ಕಟ್ಬೇಕಾ?”